ಹಸಿ ತಿನ್ನುವ ಪಲ್ಲೆ ತೊಳೆಯುವುದು ಹೇಗೆ?

ವಿಜಯಪುರದ ಸಂತೆಯಿಂದ ತಂದ ಹಕ್ಕರಕಿ, ಎಳೆ ಮೆಂತ್ಯ, ಉಳ್ಳಾಗಡ್ಡಿ ತಪ್ಪಲು ಎಷ್ಟೋ ಸಲ ಒಲೆ ಏರುವುದೇ ಇಲ್ಲ. ರೊಟ್ಟಿ, ಶೇಂಗಾ ಹಿಂಡಿ, ಮೊಸರಿನ ಜೊತೆ ಹಸಿಯಾಗಿಯೇ ಹೊಟ್ಟೆ ಸೇರುತ್ತವೆ. ಪುಂಡಿ ಪಲ್ಲೆ, ರಾಜಗಿರಿಯಾದರೆ ಚೆನ್ನಾಗಿ ಕುದಿಯುತ್ತವೆ, ರೋಗಾಣುಗಳು ಅಲ್ಲೇ ಸಾಯುತ್ತವೆ. ಹಸಿ ಪಲ್ಲೆಗೆ ಬೆಂಕಿಯ ಕಾವಲಿಲ್ಲ, ನೀರೇ ಗತಿ. ಹಾಗಾಗಿ ನಲ್ಲಿ ಕೆಳಗೆ ಒಮ್ಮೆ ಹಿಡಿದು ಜಾಡಿಸಿದರೆ ಸಾಲದು.

ಮೊದಲು ಸೋಪು ಹಚ್ಚಿ 20 ಸೆಕೆಂಡು ಕೈ ತೊಳೆದುಕೊಳ್ಳಿ. ಆಮೇಲೆ ಸೂಡು ಬಿಚ್ಚಿ ಪಲ್ಲೆ ಸೋಸಿ. ಕಟ್ಟಿದ ಹಾಗೇ ತೊಳೆದರೆ ನಡುವಿನ ಎಲೆಗಳಿಗೆ ನೀರು ಸರಿಯಾಗಿ ತಾಗುವುದಿಲ್ಲ. ಬೇರು, ಕೊಳೆತ ಎಲೆ, ಹಣ್ಣಾದ ಎಲೆ ತೆಗೆದುಬಿಡಿ. ಈಗಲೇ ಹೆಚ್ಚಬೇಡಿ. ಹೆಚ್ಚಿದ ಮೇಲೆ ತೊಳೆದರೆ ಸತ್ವ ನೀರಿಗೆ ಹೋಗುತ್ತದೆ, ಎಲೆ ಮೇಲಿನ ಹೊಲಸು ಕೊಯ್ದ ಜಾಗದಿಂದ ಒಳಗೂ ಸೇರುತ್ತದೆ.

ದೊಡ್ಡ ಬೋಗುಣಿ ತುಂಬ ನೀರು ತೆಗೆದುಕೊಂಡು ಪಲ್ಲೆ ಮುಳುಗಿಸಿ, ಕೈಯಿಂದ ಮೆಲ್ಲಗೆ ಅಲ್ಲಾಡಿಸಿ. ಎರಡು ನಿಮಿಷ ಬಿಟ್ಟರೆ ಮಣ್ಣು ತಳಕ್ಕೆ ಕೂರುತ್ತದೆ. ಇಲ್ಲೇ ಬಹಳ ಜನ ತಪ್ಪುವುದು. ಬೋಗುಣಿ ಬಗ್ಗಿಸಿ ನೀರು ಸುರಿದರೆ ತಳದ ರಾಡಿ ಮತ್ತೆ ಎಲೆಗೇ ಹತ್ತುತ್ತದೆ, ಅಲ್ವಾ? ಪಲ್ಲೆಯನ್ನು ಮೇಲೆತ್ತಿ ಜರಡಿಗೆ ಹಾಕಿ, ಆಮೇಲೆ ನೀರು ಚೆಲ್ಲಿ. ತಳದಲ್ಲಿ ಮಣ್ಣು ಕಾಣದಿರುವ ತನಕ ಹೀಗೇ ಮಾಡಿ. ಮೆಂತ್ಯ, ಕೊತ್ತಂಬರಿಗೆ ಮೂರ್ನಾಲ್ಕು ನೀರು ಬೇಕಾಗಬಹುದು.

ಈಗ ಬೆಳೆಗೆ ಸಿಂಪಡಿಸುವ ಔಷಧದ ಮಾತು. ಒಂದು ಲೀಟರ್ ನೀರಿಗೆ 20 ಗ್ರಾಂ ಉಪ್ಪು, ಇಲ್ಲವೇ 10 ಗ್ರಾಂ, ಅಂದರೆ ಎರಡು ಸಣ್ಣ ಚಮಚ, ಅಡುಗೆ ಸೋಡಾ ಕರಗಿಸಿ ಪಲ್ಲೆಯನ್ನು ಹತ್ತು ನಿಮಿಷ ನೆನೆಸಿ. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದವರು 2017ರಲ್ಲಿ ಸೇಬಿನ ಮೇಲೆ ಪರೀಕ್ಷೆ ಮಾಡಿದ್ದರು. ಸೋಡಾ ನೀರಿನಲ್ಲಿ 12ರಿಂದ 15 ನಿಮಿಷ ಇಟ್ಟಾಗ ಸಿಪ್ಪೆಯ ಮೇಲಿದ್ದ ಎರಡು ಔಷಧಗಳು ಹೋದವು, ಒಳಗೆ ಇಳಿದಿದ್ದ ಅಂಶ ಮಾತ್ರ ಹೋಗಲಿಲ್ಲ. ಪಲ್ಲೆಯಲ್ಲೂ ಅಷ್ಟೇ. ಗಿಡವೇ ಹೀರಿಕೊಂಡ ಔಷಧವನ್ನು ಯಾವ ನೀರೂ ತೆಗೆಯಲಾರದು. ಅದನ್ನು ತಡೆಯುವುದು ಹೊಲದಲ್ಲೇ. ಸಿಂಪಡಿಸಿ ಎಷ್ಟು ದಿನ ಆಯಿತು ಎಂದು ಮಾರುವ ಅಕ್ಕನನ್ನು ಕೇಳಿ, ಕೇಳುವುದರಲ್ಲಿ ಏನೂ ತಪ್ಪಿಲ್ಲ.

ಉಪ್ಪು, ಸೋಡಾ ನೀರನ್ನು ನಂಬಿ ರೋಗಾಣು ಸತ್ತವು ಎಂದುಕೊಳ್ಳಬೇಡಿ. ಒಂದು ಪಾಲು ವಿನೆಗರ್‌ಗೆ ಮೂರು ಪಾಲು ನೀರು ಬೆರೆಸಿ ಅದ್ದಿದರೆ ಅವು ಕಡಿಮೆಯಾಗುತ್ತವೆ, ಪೂರ್ತಿ ಹೋಗುವುದಿಲ್ಲ. ವಿನೆಗರ್ ಮತ್ತು ಸೋಡಾ ಎರಡನ್ನೂ ಒಟ್ಟಿಗೆ ಹಾಕಿದರೆ ಸುಮ್ನೆ ನೊರೆ ಬರುತ್ತದೆ, ಒಂದರ ಗುಣವನ್ನು ಇನ್ನೊಂದು ಕೆಡಿಸುತ್ತದೆ. ಸೋಪು, ಪಾತ್ರೆ ತೊಳೆಯುವ ಪುಡಿ ಖಂಡಿತ ಬೇಡ. ಎಲೆ ಅದನ್ನು ಹೀರಿಕೊಳ್ಳುತ್ತದೆ.

ಕೊನೆಗೆ ನಾಲ್ಕೈದು ಎಲೆಗಳಂತೆ ಹಿಡಿದು, ಹರಿಯುವ ಕುಡಿಯುವ ನೀರಿನಲ್ಲಿ ಬೆರಳಿನಿಂದ ಉಜ್ಜಿ ತೊಳೆಯಿರಿ. ನನ್ನ ಲೆಕ್ಕದಲ್ಲಿ ಉಪ್ಪು, ಸೋಡಾಕ್ಕಿಂತ ಜಾಸ್ತಿ ಕೆಲಸ ಮಾಡುವುದು ಈ ಉಜ್ಜುವಿಕೆಯೇ. ಬಳಿಕ ಒಗೆದ ಹತ್ತಿ ಬಟ್ಟೆಯ ಮೇಲೆ ಹರಡಿ, ತೇವ ಒತ್ತಿ ತೆಗೆಯಿರಿ. ಉಳಿದ ಪಲ್ಲೆಯನ್ನು ತೊಳೆಯದೆ ಬಟ್ಟೆಯಲ್ಲಿ ಸುತ್ತಿಡಿ. ಒದ್ದೆ ಇಟ್ಟರೆ ಬೇಗ ಕೊಳೆಯುತ್ತದೆ.

ಮನೆಯಲ್ಲಿ ಬಸುರಿ, ಸಣ್ಣ ಕೂಸು, ಕಾಯಿಲೆಯವರು ಇದ್ದರೆ ಎಷ್ಟೇ ತೊಳೆದರೂ ಅವರ ತಟ್ಟೆಗೆ ಹಸಿ ಪಲ್ಲೆ ಬೇಡ. ಅದೇ ಮೆಂತ್ಯವನ್ನು ಬೇಳೆ ಜೊತೆ ಬೇಯಿಸಿ ಕೊಡಿ.