ಮೀನು ಬಿಡಿ ಎನ್ನದೆ ಹುರುಳಿ, ಸೊಪ್ಪು ಬಡಿಸುವುದು ಹೇಗೆ

ಸಕ್ಕರೆ ಕಾಯಿಲೆ, ಬಿಪಿ ಬಾರದಂತೆ ಊರವರ ಊಟ ಬದಲಿಸಬೇಕೆಂದು ಕಾಸರಗೋಡಿನ ಹಳ್ಳಿಗಳಲ್ಲಿ ಹೊರಟವರು ಎಡವುವುದು ಮೊದಲ ಸಭೆಯಲ್ಲೇ, ‘ಸಸ್ಯಾಹಾರ’ ಎಂಬ ಒಂದು ಮಾತಿಗೆ. ಇಲ್ಲಿ ಅದು ಜಾತಿಯ ಮಾತಾಗಿ ಕೇಳಿಸುತ್ತದೆ. ಬೂತಾಯಿ, ಬಂಗುಡೆ ಇಲ್ಲದೆ ಅನ್ನ ಇಳಿಯದವರು ಮೆಲ್ಲಗೆ ಎದ್ದು ಹೋಗುತ್ತಾರೆ. ಮೀನು ಮುಟ್ಟದವರು ‘ನಾವು ಮೊದಲೇ ಹಾಗಲ್ಲವೇ’ ಎಂದು ನಿಶ್ಚಿಂತರಾಗುತ್ತಾರೆ. ಈ ನಿಶ್ಚಿಂತೆಯೇ ಹೆಚ್ಚು ಅಪಾಯ. ಗುಡ್ಡೆಯಷ್ಟು ಬೆಳ್ತಿಗೆ (ಬಿಳಿ ಅಕ್ಕಿ) ಅನ್ನ, ನೀರು ಸಾರು, ಹಪ್ಪಳ, ಉಪ್ಪಿನಕಾಯಿ, ಕೊನೆಗೆ ಪಾಯಸ. ಮೀನಿಲ್ಲ, ಮಾಂಸವಿಲ್ಲ, ಆದರೆ ಕಾಯಿಲೆಗೆ ಬೇಕಾದ್ದೆಲ್ಲ ಇದೆ. ಪೊರೋಟವೂ ಗಿಡದಿಂದ ಬಂದದ್ದೇ ತಾನೇ?

ಹಾಗಾಗಿ ಏನನ್ನೂ ಬಿಡಿಸಲು ಹೋಗಬೇಡಿ. ಕೇಳುವುದು ಇಷ್ಟೇ ಇರಲಿ: ತಟ್ಟೆಯ ಅರ್ಧ ಭಾಗ ತರಕಾರಿ, ಸೊಪ್ಪು, ಕಾಲು ಭಾಗ ಹುರುಳಿ, ಹೆಸರು, ಅಲಸಂಡೆ, ಕಡಲೆಯಂಥ ಕಾಳು, ಉಳಿದ ಕಾಲು ಭಾಗ ಅನ್ನ. ಮೀನು ತಿನ್ನುವವರು ಒಂದು ತುಂಡು ಸಾರಿನಲ್ಲಿ ತಿನ್ನಲಿ, ಹುರಿದದ್ದನ್ನು ಕಡಿಮೆ ಮಾಡಲಿ. ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ 2000 ಕ್ಯಾಲೊರಿಯ ಊಟಕ್ಕೆ ದಿನಕ್ಕೆ ಸೊಪ್ಪು ತರಕಾರಿ 400 ಗ್ರಾಂ, ಹಣ್ಣು 100, ಅಕ್ಕಿ ಗೋಧಿ ರಾಗಿ ಎಲ್ಲ ಸೇರಿ 250, ಬೇಳೆಕಾಳು 85 ಗ್ರಾಂ ಎಂದಿದೆ. ನಮ್ಮ ಮನೆಗಳಲ್ಲಿ ಅಕ್ಕಿ ಸುಲಭವಾಗಿ ಇದನ್ನು ಮೀರುತ್ತದೆ, ಕಾಳು ಹತ್ತಿರವೂ ಸುಳಿಯುವುದಿಲ್ಲ.

ಹೊಸ ಸಂಘ ಕಟ್ಟುವ ಗೋಜು ಬೇಡ. ಕೇರಳ ಸರ್ಕಾರದ ಮಹಿಳಾ ಯೋಜನೆ ಕುಟುಂಬಶ್ರೀಯ ಅಯಲ್ಕೂಟಂ, ಅಂದರೆ ನೆರೆಮನೆ ಹೆಂಗಸರ ಕೂಟ, ವಾರ್ಡ್‌ವಾರ್ಡಿನಲ್ಲಿದೆ. ಒಂದೊಂದರಲ್ಲಿ ಹತ್ತರಿಂದ ಇಪ್ಪತ್ತು ಹೆಂಗಸರು, ಆಗಾಗ ಸೇರುವವರು. ಒಂದೇ ಕೂಟದಿಂದ ಶುರು ಮಾಡಿ. ಆಶಾ ಕಾರ್ಯಕರ್ತೆಗೆ ಮೊದಲೇ ತಿಳಿಸಿ, ಯಾವ ಮನೆಯಲ್ಲಿ ಯಾರು ಮಾತ್ರೆ ತೆಗೆದುಕೊಳ್ಳುತ್ತಾರೆಂಬುದು ಅವರಿಗೆ ಗೊತ್ತಿರುತ್ತದೆ. ಕರೆಯೋಲೆ ಕನ್ನಡ, ಮಲಯಾಳ ಎರಡರಲ್ಲೂ ಇರಲಿ, ಒಲೆಯ ಮುಂದಿನ ಮಾತು ತುಳುವಿನಲ್ಲೋ ಬ್ಯಾರಿಯಲ್ಲೋ ನಡೆಯಲಿ. ಸೊಸೆ ಮಾತ್ರ ಬಂದರೆ ಸಾಲದು. ಅಡುಗೆಗೆ ಉಪ್ಪು ಹಾಕುವುದು, ತೆಂಗಿನಕಾಯಿ ಎಷ್ಟೆಂದು ಹೇಳುವುದು ಅತ್ತೆಯಾದರೆ ಅತ್ತೆಯನ್ನು ಕರೆಯಲೇಬೇಕು.

ಭಾಷಣ ಹತ್ತು ನಿಮಿಷ ಸಾಕು, ಉಳಿದ ಹೊತ್ತು ಅಡುಗೆ. ಮೂವತ್ತು ಮಂದಿಯ ಮಧ್ಯಾಹ್ನದ ಊಟಕ್ಕೆ ಲೆಕ್ಕ ಹೀಗೆ: ಹುರುಳಿ 1 ಕಿಲೋ, ಹರಿವೆ 3 ಕಿಲೋ, ಗುಜ್ಜೆಯೋ (ಎಳೆ ಹಲಸು) ಸೌತೆಯೋ ಬಾಳೆದಿಂಡೋ ಸಿಪ್ಪೆ, ನಾರು ತೆಗೆದ ಮೇಲೆ 3 ಕಿಲೋ, ಕುಚ್ಚಲಕ್ಕಿ 1.8 ಕಿಲೋ, ತೆಂಗಿನಕಾಯಿ ಎರಡು, ಎಣ್ಣೆ 150 ಮಿಲಿ, ಉಪ್ಪು 50 ಗ್ರಾಂ. ಎಣ್ಣೆ, ಉಪ್ಪನ್ನು ಎಲ್ಲರ ಎದುರು ತಕ್ಕಡಿಯಲ್ಲಿ, ಅಳತೆಯ ಲೋಟದಲ್ಲಿ ಅಳೆಯಿರಿ. ‘ಇಷ್ಟೇನಾ?’ ಎಂಬ ಪ್ರಶ್ನೆ ಬಂದೇ ಬರುತ್ತದೆ, ಅದು ಬರಲೆಂದೇ ಅಳೆಯುವುದು.

ಹುರುಳಿಯನ್ನು ಹಿಂದಿನ ರಾತ್ರಿ ತೊಳೆದು, ಕಲ್ಲು ಆರಿಸಿ, ಮೂರು ಪಟ್ಟು ನೀರಿನಲ್ಲಿ ಎಂಟರಿಂದ ಹತ್ತು ಗಂಟೆ ನೆನೆಸಿ. ನೆನೆಸಿದ ನೀರು ಚೆಲ್ಲಿ, ಹೊಸ ನೀರು ಹಾಕಿ ಕುಕ್ಕರಿನಲ್ಲಿ ಐದಾರು ಸೀಟಿ ಕೂಗಿಸಿ. ಬೆಂದ ಕಟ್ಟನ್ನು ಬಸಿದಿಟ್ಟರೆ ಸಾರಿಗಾಯಿತು, ಕಾಳು ಪಲ್ಯಕ್ಕೆ. ಹುಣಸೆ, ಉಪ್ಪನ್ನು ಬೆಂದ ಮೇಲೆಯೇ ಹಾಕಿ. ಹುಳಿ ಮೊದಲೇ ಬಿದ್ದರೆ ಕಾಳು ಎಷ್ಟು ಹೊತ್ತಾದರೂ ಗಟ್ಟಿ. ಹಳೆಯ ಹುರುಳಿಯೂ ಬೇಯದೆ ಸತಾಯಿಸುತ್ತದೆ, ಹಾಗಾಗಿ ಹಿಂದಿನ ದಿನವೇ ಒಂದು ಹಿಡಿ ಬೇಯಿಸಿ ನೋಡಿಕೊಳ್ಳಿ. ಎದುರಿಗೆ ಮೂವತ್ತು ಜನ ಕೂತಿರುವಾಗ ಕುಕ್ಕರಿನ ಮುಚ್ಚಳ ತೆಗೆದು ಗಟ್ಟಿ ಕಾಳು ಕಂಡರೆ ಆ ಕೂಟ ಮತ್ತೆ ನಿಮ್ಮನ್ನು ಕರೆಯುವುದಿಲ್ಲ.

ಉಪ್ಪು ಕಡಿಮೆಯಾದ ಅಡುಗೆ ಸಪ್ಪೆಯಾಗುವುದು ನಿಜ. ಆ ಕೊರತೆಯನ್ನು ಬೆಳ್ಳುಳ್ಳಿ ಒಗ್ಗರಣೆ, ಗಾಂಧಾರಿ ಮೆಣಸು, ಬಿಂಬುಳಿ ತುಂಬುತ್ತವೆ. ಸೊಪ್ಪಿಗೆ ಲಿಂಬೆ ಹಿಂಡಿದರೆ ರುಚಿಯ ಜೊತೆಗೆ ಅದರ ಕಬ್ಬಿಣಾಂಶವೂ ದೇಹಕ್ಕೆ ಚೆನ್ನಾಗಿ ಸೇರುತ್ತದೆ. ಊಟವಾದ ಕೂಡಲೇ ಚಾ ಕುಡಿದರೆ ಆ ಲಾಭ ಹೋಯಿತು, ಒಂದು ಗಂಟೆ ಕಾಯಲಿ. ಬಡಿಸುವ ಕ್ರಮವೂ ಮುಖ್ಯ. ಪಲ್ಯ, ಕಾಳು ಮೊದಲು, ಅವನ್ನು ಅರ್ಧ ತಿಂದ ಮೇಲೆ ಅನ್ನ. ಅನ್ನವೇ ಮೊದಲು ಬಿದ್ದರೆ ಪಲ್ಯ ಮತ್ತೆ ನಂಜಿಕೊಳ್ಳುವಷ್ಟೇ.

ಎಚ್ಚರ ಬೇಕಾದ ಜಾಗಗಳಿವೆ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಅನ್ನವನ್ನು ಒಮ್ಮೆಲೇ ಅರ್ಧಕ್ಕಿಳಿಸಿದರೆ ರಕ್ತದ ಸಕ್ಕರೆ ತೀರಾ ಕುಸಿದು ಬೆವರು, ನಡುಕ, ತಲೆಸುತ್ತು ಬರಬಹುದು. ಮೊದಲು ಕುಟುಂಬಾರೋಗ್ಯ ಕೇಂದ್ರದ ವೈದ್ಯರಿಗೆ ಹೇಳಿ ಮದ್ದಿನ ಪ್ರಮಾಣ ಕೇಳಲಿ, ತಾವಾಗಿ ಮಾತ್ರೆ ಬಿಡುವುದಂತೂ ಬೇಡ. ಕಿಡ್ನಿ ತೊಂದರೆ ಇರುವವರಿಗೆ ಸೊಪ್ಪು, ಬಾಳೆಹಣ್ಣು, ಬೊಂಡದ ನೀರಿನ ಪೊಟ್ಯಾಶಿಯಂ ಹೆಚ್ಚಾಗಬಹುದು, ಕಾಳಿಗೂ ಮಿತಿ ಇರುತ್ತದೆ. ಈ ಅಳತೆ ಅವರಿಗಲ್ಲ. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರೂ ವೈದ್ಯರನ್ನು ಕೇಳದೆ ಸೊಪ್ಪು ಹೆಚ್ಚಿಸಬಾರದು. ಮೀನು, ಮೊಟ್ಟೆ, ಹಾಲು ಎಲ್ಲವನ್ನೂ ಬಿಡುವವರಿಗೆ ವಿಟಮಿನ್ ಬಿ12 ಗಿಡಗಳಿಂದ ಸಿಗುವುದಿಲ್ಲ, ಮಾತ್ರೆ ಬೇಕು. ನೀರು ಮಜ್ಜಿಗೆಯೊಂದನ್ನೇ ಉಳಿಸಿಕೊಂಡವರೂ ಅದನ್ನು ನಂಬಿ ಕೂರುವ ಹಾಗಿಲ್ಲ.

ಎರಡನೆಯ ವಾರ ಬರುವ ದೂರು ಹೊಟ್ಟೆ ಉಬ್ಬರ. ಕಾಳು ತಿನ್ನದ ಹೊಟ್ಟೆಗೆ ಒಮ್ಮೆಲೇ ಒಂದು ಬಟ್ಟಲು ಹಾಕಿದ್ದರ ಫಲ. ಮೊದಲ ವಾರ ಎರಡು ದೊಡ್ಡ ಚಮಚ, ಮುಂದಿನ ವಾರ ನಾಲ್ಕು, ಹೀಗೆ ಏರಿಸಲಿ, ನೀರು ಹೆಚ್ಚು ಕುಡಿಯಲಿ.

ತರಕಾರಿಯ ಮಾತು ಬಂದಾಗ ಇಲ್ಲಿ ‘ವಿಷ ಹೊಡೆದದ್ದಲ್ಲವೇ’ ಎಂದು ಕೇಳದವರಿಲ್ಲ. ಗೇರು ತೋಟಗಳ ಮೇಲೆ ಸುರಿದ ಎಂಡೋಸಲ್ಫಾನ್ ಕೀಟನಾಶಕ ಕಂಡ ಜಿಲ್ಲೆಯಲ್ಲಿ ಆ ಪ್ರಶ್ನೆಯನ್ನು ನಕ್ಕು ತಳ್ಳಬೇಡಿ. ಮನೆಯಲ್ಲೇ ಬೆಳೆಸುವುದು ಅದಕ್ಕೆ ಉತ್ತರ. ಹರಿವೆ ಬೀಜವನ್ನು ಮರಳಿನೊಂದಿಗೆ ಬೆರೆಸಿ ಬಿತ್ತಿದರೆ ತಿಂಗಳೊಳಗೆ ಕೊಯ್ಯಬಹುದು. ಬಸಳೆಗೆ ಎರಡು ಮೂರು ಗಂಟಿನ ಕಾಂಡ, ಒಂದು ಚಪ್ಪರ ಸಾಕು. ಬೀಜಕ್ಕೆ ಕೃಷಿಭವನದಲ್ಲಿ (ಪಂಚಾಯತಿನ ಕೃಷಿ ಕಚೇರಿ) ಕೇಳಿ. ಜೋರು ಮಳೆಯಲ್ಲಿ ಹರಿವೆ ಕೊಳೆಯುತ್ತದೆ. ಆಗ ತಗತೆ, ಕೆಸು, ಅಟ್ಟದಲ್ಲಿ ತೂಗಿಸಿಟ್ಟ ಸೌತೆ ಕೈಹಿಡಿಯುತ್ತವೆ. ಕೆಸುವಿಗೆ ಹುಣಸೆ ಧಾರಾಳ ಹಾಕಿ ಚೆನ್ನಾಗಿ ಬೇಯಿಸದಿದ್ದರೆ ಗಂಟಲು ತುರಿಸುತ್ತದೆ. ಉಪ್ಪುಸೊಳೆಯನ್ನು (ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆ) ಎಷ್ಟು ತೊಳೆದರೂ ಉಪ್ಪು ಪೂರ್ತಿ ಬಿಡುವುದಿಲ್ಲ, ಬಿಪಿ ಇದ್ದವರಿಗೆ ಬೇಡ.

ಫಲ ನೋಡಲು ಅವಸರದಲ್ಲಿ ರಕ್ತ ಪರೀಕ್ಷೆ ಮಾಡಿಸಬೇಡಿ. ಎಚ್‌ಬಿಎ1ಸಿ ಹಿಂದಿನ ಎರಡು ಮೂರು ತಿಂಗಳ ರಕ್ತದ ಸಕ್ಕರೆಯ ಲೆಕ್ಕ ಹೇಳುವ ಪರೀಕ್ಷೆ, ಹನ್ನೆರಡು ವಾರಕ್ಕೆ ಮುಂಚೆ ಮಾಡಿಸಿದರೆ ಹಳೆಯ ಊಟದ ಗುರುತೂ ಅದರಲ್ಲಿ ಬೆರೆತಿರುತ್ತದೆ. ಅಲ್ಲಿಯವರೆಗೆ ಅಂಗಡಿ ಚೀಟಿ ನೋಡಿ. ಅದೇ ಮಾರ್ಗಸೂಚಿಯಂತೆ ಒಬ್ಬರಿಗೆ ದಿನಕ್ಕೆ 27 ಗ್ರಾಂ ಎಣ್ಣೆ ಎಂದರೆ ನಾಲ್ಕು ದೊಡ್ಡವರ ಮನೆಗೆ ತಿಂಗಳಿಗೆ ಸುಮಾರು ಮೂರೂವರೆ ಲೀಟರ್. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ದಿನಕ್ಕೆ 5 ಗ್ರಾಂ ಮಿತಿಯಲ್ಲಿ ಒಂದು ಕಿಲೋ ಉಪ್ಪು ಆ ಮನೆಗೆ ಐವತ್ತು ದಿನ ಬರಬೇಕು, ಉಪ್ಪಿನಕಾಯಿ, ಹಪ್ಪಳದ ಉಪ್ಪೂ ಸೇರಿ. ಪ್ಯಾಕೆಟ್ ಒಡೆದ ದಿನಾಂಕವನ್ನು ಅದರ ಮೇಲೆಯೇ ಬರೆದಿಡಲು ಹೇಳಿ, ಮುಂದಿನ ಕೂಟಕ್ಕೆ ಖಾಲಿ ಪ್ಯಾಕೆಟ್ ತರಲಿ.