ಮಾತ್ರೆ ಡೋಸ್ ಇಳಿಸುವಾಗ ಉಸಿರು ಸಾಕಾಗ್ತಿಲ್ವಾ? ಎಳ್ಕೊಳ್ಳೋದು ಬಿಟ್ಟು ಮೊದಲು ಹೊರಗೆ ಬಿಡಿ

ನಿದ್ದೆ ಮಾತ್ರೆನೋ ಟೆನ್ಷನ್ ಮಾತ್ರೆನೋ ತಿಂಗಳುಗಟ್ಟಲೆ ತಗೊಂಡು, ಈಗ ಡಾಕ್ಟರ್ ಹೇಳಿದಂಗೆ ಸ್ವಲ್ಪ ಸ್ವಲ್ಪನೇ ಇಳಿಸ್ತಾ ಇದೀರ. ಮೊದಲ ಕೆಲವು ದಿನ ಆರಾಮಾಗೇ ಹೋಗಿರುತ್ತೆ. ಆಮೇಲೆ ಒಂದಿನ ನಡುರಾತ್ರಿ ದಡಕ್ಕನೆ ಎಚ್ಚರ ಆಗಿ ಎದ್ದು ಕೂತ್ರೆ ಉಸಿರು ಪೂರ್ತಿ ಒಳಗೆ ಹೋಗ್ತಾನೇ ಇಲ್ಲ, ಎಷ್ಟು ಎಳೆದ್ರೂ ಕೊನೇಲಿ ಒಂದು ಗುಟುಕು ಬಾಕಿ ಉಳಿದಂಗೆ, ಬಾಯಿ ದೊಡ್ಡದು ಮಾಡಿ ಆಕಳಿಸಿದ್ರೆ ಒಂದ್ಸಲ ತುಂಬಿದಂಗಾಗುತ್ತೆ, ಎರಡು ನಿಮಿಷ ಬಿಟ್ಟು ಮತ್ತೆ ಅದೇ ಕಥೆ. ಎದೆ ಬಿಗಿ, ಬೆರಳ ತುದಿ ಜುಮ್ಮು, ತುಟಿ ಸುತ್ತ ಮರಗಟ್ಟಿದಂಗೆ, ತಲೆ ಹಗುರ. ಸತ್ತೇ ಹೋಗ್ತೀನೇನೋ ಅನ್ನೋ ಗಾಬರಿ ಬೇರೆ.

ನಾನು ಕ್ಲೋನಜೆಪಾಮ್ ಬಿಡೋವಾಗ ಹೀಗೆ ಹಾಸಿಗೆ ಅಂಚಲ್ಲಿ ಕೂತು ಕಳೆದ ರಾತ್ರಿಗಳಿಗೆ ಲೆಕ್ಕ ಇಲ್ಲ. ಆಗ ಎಲ್ರೂ ಕೊಟ್ಟ ಸಲಹೆ ಒಂದೇ, "ಜೋರಾಗಿ ಉಸಿರು ಎಳ್ಕೋ, ಡೀಪ್ ಬ್ರೆತ್ ತಗೋ" ಅಂತ. ಪಾಪ ಒಳ್ಳೇ ಮನಸ್ಸಿಂದಾನೇ ಹೇಳಿದ್ರು, ಆದ್ರೆ ಆ ಹೊತ್ತಲ್ಲಿ ಅದಕ್ಕಿಂತ ಕೆಟ್ಟ ಸಲಹೆ ಇನ್ನೊಂದಿಲ್ಲ. ಯಾಕೆ ಅಂತ ಗೊತ್ತಾದ್ರೆ ಅರ್ಧ ಗಾಬರಿ ಇಳಿಯುತ್ತೆ, ಅದಕ್ಕೇ ಮೊದಲು ಅದನ್ನೇ ಹೇಳ್ತೀನಿ.

ಒಳಗೆ ಏನಾಗ್ತಿದೆ

ಡಯಾಜೆಪಾಮ್, ಆಲ್ಪ್ರಜೋಲಮ್, ಲೋರಜೆಪಾಮ್, ಕ್ಲೋನಜೆಪಾಮ್, ಇವೆಲ್ಲ ಬೆಂಜೊಡಯಜೆಪಿನ್ ಅನ್ನೋ ಒಂದೇ ಕುಟುಂಬದವು. ನಮ್ಮ ಮೆದುಳಲ್ಲಿ ಗಾಬಾ ಅಂತ ಒಂದು ರಾಸಾಯನಿಕ ಇದೆ, ಅದರ ಕೆಲಸ ಬ್ರೇಕ್ ಹಾಕೋದು. ಈ ಮಾತ್ರೆಗಳು ಆ ಬ್ರೇಕನ್ನ ಇನ್ನೂ ಬಿಗಿಯಾಗಿ ಒತ್ತುತ್ವೆ. ತುಂಬ ದಿನ ಹೀಗೇ ಒತ್ತಿದ್ರೆ ಮೆದುಳು ಅದಕ್ಕೆ ಹೊಂದ್ಕೊಂಡು ಬಿಡುತ್ತೆ, ಸ್ವಂತ ಬ್ರೇಕು ಸಡಿಲ ಆಗುತ್ತೆ. ಈಗ ಮಾತ್ರೆ ಕಮ್ಮಿ ಮಾಡಿದಾಗ ಗಾಡಿ ಇಳಿಜಾರಲ್ಲಿ ಸಿಕ್ಕಂಗೆ, ಎದೆ ಬಡಿತ, ಬೆವರು, ನಡುಕ, ನಿದ್ದೆ ಇಲ್ಲ, ಜೊತೆಗೆ ಉಸಿರಾಟ ನಮಗೇ ಗೊತ್ತಿಲ್ದಂಗೆ ಜಾಸ್ತಿ ಆಗುತ್ತೆ. ಇದು ನಿಮ್ಮ ಮನಸ್ಸಿನ ದೌರ್ಬಲ್ಯ ಅಂತ ಯಾರಾದ್ರೂ ಅಂದ್ರೆ ಕಿವಿಗೆ ಹಾಕ್ಕೋಬೇಡಿ. ಈ ಮಾತ್ರೆಗಳನ್ನ 2ರಿಂದ 4 ವಾರಕ್ಕಿಂತ ಹೆಚ್ಚು ಕೊಡಬೇಡಿ ಅಂತ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ 1988ರಲ್ಲೇ ಡಾಕ್ಟರುಗಳಿಗೆ ಹೇಳಿತ್ತು, ಅಂದ್ರೆ ದೇಹ ಇದಕ್ಕೆ ಅಂಟ್ಕೊಳ್ಳುತ್ತೆ ಅನ್ನೋದು ಹೊಸ ವಿಷಯ ಏನಲ್ಲ.

ಈಗ ಉಸಿರಿಗೆ ಬರೋಣ. ಆರೋಗ್ಯವಾಗಿರೋ ದೊಡ್ಡೋರು ಸುಮ್ನೆ ಕೂತಾಗ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡ್ತಾರೆ, ಒಂದೊಂದ್ಸಲಕ್ಕೂ ಹೆಚ್ಚುಕಮ್ಮಿ ಅರ್ಧ ಲೀಟರ್ ಗಾಳಿ. ಗಾಬರೀಲಿ ಇದು ಜಾಸ್ತಿ ಆದಾಗ ರಕ್ತದಲ್ಲಿರೋ ಇಂಗಾಲದ ಡೈಆಕ್ಸೈಡ್ ಬೇಕಾದ್ದಕ್ಕಿಂತ ಹೆಚ್ಚು ಹೊರಗೆ ಹೋಗ್ಬಿಡುತ್ತೆ. ಅದು ಬರೀ ಕಸ ಅಂತ ನಾವು ಸ್ಕೂಲಲ್ಲಿ ಕಲ್ತಿರೋದು, ಆದ್ರೆ ಸ್ವಲ್ಪ ಉಳೀಲೇಬೇಕು. ಅದು ಕಮ್ಮಿ ಆದ್ರೆ ಮೆದುಳಿನ ರಕ್ತನಾಳ ಸಣ್ಣಗಾಗುತ್ತೆ, ಅದಕ್ಕೇ ತಲೆ ತಿರುಗು. ರಕ್ತ ಕ್ಷಾರೀಯ ಆಗಿ ಕ್ಯಾಲ್ಸಿಯಂ ಲೆಕ್ಕ ಏರುಪೇರಾಗುತ್ತೆ, ಅದಕ್ಕೇ ಬೆರಳು ತುಟಿ ಜುಮ್ಮು, ಕೆಲವರಿಗೆ ಕೈ ಬೆರಳು ಸೆಟೆದು ಕೊಕ್ಕಿನ ಥರ ಆಗೋದೂ ಉಂಟು. ಇನ್ನೊಂದು ತಮಾಷೆ ನೋಡಿ, ಇಂಗಾಲದ ಡೈಆಕ್ಸೈಡ್ ಇಳಿದಾಗ ಹಿಮೋಗ್ಲೋಬಿನ್ ತನ್ನ ಹತ್ರ ಇರೋ ಆಮ್ಲಜನಕನ ಬಿಗಿಯಾಗಿ ಹಿಡ್ಕೊಂಡು ಅಂಗಾಂಗಕ್ಕೆ ಬಿಟ್ಕೊಡೋಕೆ ಜಿಪುಣತನ ಮಾಡುತ್ತೆ, ಇದನ್ನ ಕ್ರಿಶ್ಚಿಯನ್ ಬೋರ್ ಅನ್ನೋ ಡೆನ್ಮಾರ್ಕಿನ ವಿಜ್ಞಾನಿ 1904ರಲ್ಲೇ ತೋರಿಸಿದ್ರು. ಅಂದ್ರೆ ಗಾಳಿ ಸಾಕಾಗ್ತಿಲ್ಲ ಅಂತ ಅನ್ಸೋ ಹೊತ್ತಲ್ಲಿ ನಿಜಕ್ಕೂ ಗಾಳಿ ಜಾಸ್ತಿ ಆಗಿದೆ. ತುಂಬಿದ ಕೊಡಕ್ಕೆ ಮತ್ತೆ ನೀರು ಹಾಕಿದ್ರೆ ಹೋಗುತ್ತಾ? ಎದೆ ಖಾಲಿ ಆಗ್ದೇನೇ ಮತ್ತೆ ಎಳೀತಿದೀರ, ಅದಕ್ಕೇ ಆ ಕೊನೇ ಗುಟುಕು ಸಿಗಲ್ಲ.

ಶುರು ಮಾಡೋಕೆ ಮುಂಚೆ ಒಂದ್ಸಲ ತೋರಿಸ್ಕೊಳ್ಳಿ

ಉಸಿರಿನ ತೊಂದ್ರೆನೆಲ್ಲ ಮಾತ್ರೆ ಇಳಿಸಿದ್ದಕ್ಕೇ ಅಂತ ನೀವೇ ತೀರ್ಮಾನ ಮಾಡ್ಬೇಡಿ. ಆಸ್ತಮಾ, ರಕ್ತಹೀನತೆ, ಥೈರಾಯ್ಡ್, ಹೃದಯದ ತೊಂದ್ರೆ, ಇವೆಲ್ಲ ಇದೇ ಥರ ಕಾಣಿಸ್ತವೆ. ಒಂದ್ಸಲ ಎದೆಗೆ ಸ್ಟೆಥಾಸ್ಕೋಪ್ ಇಟ್ಟು ನೋಡ್ಲಿ, ರಕ್ತ ಪರೀಕ್ಷೆ, ಇಸಿಜಿ ಬೇಕು ಅಂದ್ರೆ ಆಗ್ಲಿ. ಇದ್ರಿಂದ ಇನ್ನೊಂದು ಲಾಭ ಏನಪ್ಪಾ ಅಂದ್ರೆ ರಾತ್ರಿ ಎರಡು ಗಂಟೆಗೆ ಮನಸ್ಸು "ಹಾರ್ಟೇ ಇರ್ಬೇಕು" ಅಂತ ಶುರು ಮಾಡಿದಾಗ, ನೋಡಿಸಿ ಆಗಿದೆ ಮಾರಾಯ ಅಂತ ಹೇಳ್ಕೊಳ್ಳೋಕೆ ಒಂದು ಆಧಾರ ಇರುತ್ತೆ.

ಬಂದಾಗ ಏನ್ ಮಾಡ್ಬೇಕು

ಮೊದಲು ಕೂತ್ಕೊಳ್ಳಿ. ಸ್ವಲ್ಪ ಮುಂದೆ ಬಗ್ಗಿ ಮೊಣಕೈನ ತೊಡೆ ಮೇಲೋ ಮೇಜಿನ ಮೇಲೋ ಊರಿ, ಭುಜ ಕಿವಿ ಹತ್ರ ಏರಿ ಕೂತಿರುತ್ತಲ್ಲ ಅದನ್ನ ಇಳಿಸಿ, ಹಲ್ಲು ಕಚ್ಚಿದ್ರೆ ಬಿಡಿ, ಸೊಂಟ ಬಿಗಿಯೋ ಬಟ್ಟೆ ಇದ್ರೆ ಸಡಿಲ ಮಾಡಿ.

ಆಮೇಲೆ ಒಂದು ಉದ್ದ ವಾಕ್ಯ ಜೋರಾಗಿ ಹೇಳಿ. ಏನಾದ್ರೂ ಪರವಾಗಿಲ್ಲ, "ಈಗ ಗಂಟೆ ಇಷ್ಟಾಗಿದೆ, ನಾನು ಹಾಸಿಗೆ ಮೇಲೆ ಕೂತಿದೀನಿ, ಇದು ಹಿಂದೆನೂ ಬಂದಿತ್ತು, ಹೋಗಿತ್ತು" ಅಂತ. ಮಾತು ಅಂದ್ರೆ ಹೊರಗೆ ಹೋಗೋ ಉಸಿರೇ, ಪೂರ್ತಿ ವಾಕ್ಯ ಮಧ್ಯ ಕಡೀದೆ ಹೇಳೋಕಾದ್ರೆ ಗಾಳಿ ಓಡಾಡ್ತಿದೆ ಅಂತ ನಿಮ್ಮ ಕಿವಿಗೇ ಕೇಳ್ಸುತ್ತೆ. ಎರಡೆರಡೇ ಪದಕ್ಕೆ ಏದುಸಿರು ಬರ್ತಿದ್ರೆ, ಕೂತ್ರೂ ಇಳೀತಿಲ್ಲ ಅಂದ್ರೆ ಅದು ಬೇರೆ ಮಾತು, ಅದಕ್ಕೆ ಕೆಳಗೆ ಬರ್ತೀನಿ.

ಈಗ ಮುಖ್ಯವಾದ್ದು. ಒಳಗೆ ಎಳ್ಕೋಬೇಡಿ, ಬಿಡಿ. ತುಟಿನ ಸಿಳ್ಳೆ ಹಾಕೋ ಥರ ಸಣ್ಣಗೆ ಮಾಡಿ, ಬಿಸಿ ಕಾಫಿ ಆರಿಸೋವಾಗ ಊದ್ತೀವಲ್ಲ ಹಂಗೆ ಮೆಲ್ಲಗೆ, ಉದ್ದಕ್ಕೆ, ಖಾಲಿ ಆಗೋ ತನಕ. ಒತ್ತಿ ಹಿಂಡೋದೇನೂ ಬೇಡ. ಖಾಲಿ ಆದ್ಮೇಲೆ ಒಂದು ಕ್ಷಣ ಸುಮ್ನಿರಿ. ಒಳಗಿನ ಉಸಿರು ತಾನಾಗೇ ಬರುತ್ತೆ, ಮೂಗಿಂದ ಬರ್ಲಿ, ಚಿಕ್ಕದಾಗಿ ಬರ್ಲಿ, ಅಷ್ಟು ಸಾಕು. ಮೊದಲ ನಾಲ್ಕೈದು ಸಲ ಇನ್ನೂ ಉಸಿರು ಕಟ್ಟಿದಂಗೇ ಅನ್ಸುತ್ತೆ, ಇಲ್ಲೇ ಎಲ್ರೂ ಬಿಟ್ಬಿಡೋದು, ನಾನೂ ಬಿಟ್ಟಿದ್ದೆ. ಇಂಗಾಲದ ಡೈಆಕ್ಸೈಡ್ ಮತ್ತೆ ಮೇಲೆ ಬರೋಕೆ ಕೆಲವು ನಿಮಿಷ ಬೇಕು, ಆ ಕೆಲವು ನಿಮಿಷ ಹೆಂಗಾದ್ರೂ ಮಾಡಿ ದಾಟ್ಬೇಕು. ಎಣಿಸೋದು ನಿಮಗೆ ಹಿತ ಅನ್ಸಿದ್ರೆ ಒಳಗೆ 4 ಸೆಕೆಂಡು, ಹೊರಗೆ 6 ಸೆಕೆಂಡು ಅಂತ ಎಣಿಸಿ, ಹಂಗೆ ಮಾಡಿದ್ರೆ ನಿಮಿಷಕ್ಕೆ ಸುಮಾರು 6 ಉಸಿರು ಆಗುತ್ತೆ. ಎಣಿಸಿದ್ರೇನೇ ಟೆನ್ಷನ್ ಆಗುತ್ತೆ ಅನ್ನೋರು ಬಾಯಿ ಮುಚ್ಕೊಂಡು ಮ್‌ಮ್‌ಮ್ ಅಂತ ಗುನುಗಿ, ಗುನುಗೋವಾಗ ಹೊರ ಉಸಿರು ತಾನೇ ಉದ್ದ ಆಗುತ್ತೆ, ಲೆಕ್ಕ ಬೇಡ. ಉಸಿರು ಹೊರಗೆ ಬಿಡೋ ಹೊತ್ತಲ್ಲಿ ಎದೆ ಬಡಿತ ಸ್ವಲ್ಪ ನಿಧಾನ ಆಗೋದು ದೇಹದ ಸಹಜ ಗುಣ, ಅದನ್ನೇ ನಾವು ಬಳಸ್ಕೊಳ್ತಿರೋದು.

ಕೆಲವರಿಗೆ ಉಸಿರಿನ ಮೇಲೆ ಗಮನ ಇಟ್ಟಷ್ಟೂ ಜಾಸ್ತಿ ಆಗುತ್ತೆ, ಅದೂ ನಿಜ. ಅಂಥೋರು ಉಸಿರನ್ನ ಅದರ ಪಾಡಿಗೆ ಬಿಟ್ಟು ಎದ್ದು ಮನೆಯೊಳಗೇ ಮೆಲ್ಲಗೆ ಓಡಾಡಿ, ಪಾದ ನೆಲಕ್ಕೆ ತಾಗೋದನ್ನ ನೋಡ್ತಾ ಹೋಗಿ, ತಣ್ಣೀರಲ್ಲಿ ಕೈ ಅದ್ದಿ. ನಡೆದ್ರೆ ಸ್ನಾಯುಗಳು ಇಂಗಾಲದ ಡೈಆಕ್ಸೈಡ್ ತಯಾರು ಮಾಡ್ತವೆ, ಹಂಗಾಗಿ ಜಾಸ್ತಿ ಆದ ಉಸಿರಿಗೂ ದೇಹದ ಅಗತ್ಯಕ್ಕೂ ಹೊಂದಾಣಿಕೆ ಆಗುತ್ತೆ.

ಪೇಪರ್ ಬ್ಯಾಗ್ ಒಳಗೆ ಉಸಿರಾಡಿ ಅನ್ನೋ ಹಳೇ ಸಲಹೆ ಈಗ್ಲೂ ಓಡಾಡ್ತಿದೆ. ಬೇಡ. ಅದು ನಿಜಕ್ಕೂ ಹೃದಯಾಘಾತವೋ ಆಸ್ತಮಾನೋ ಆಗಿದ್ರೆ ಇರೋ ಆಮ್ಲಜನಕಾನೂ ಕಮ್ಮಿ ಆಗಿ ಪ್ರಾಣಕ್ಕೇ ಕುತ್ತು, ಹಂಗೆ ಸತ್ತಿರೋ ಪ್ರಕರಣಗಳು ವೈದ್ಯಕೀಯ ದಾಖಲೆಯಲ್ಲಿವೆ.

ಆಕ್ಸಿಮೀಟರ್ ಬಗ್ಗೆ ಒಂದು ಮಾತು. ಮನೇಲಿದ್ರೆ ಒಂದ್ಸಲ ಬೆರಳಿಗೆ ಹಾಕಿ ನೋಡಿ, 95ರ ಮೇಲಿದ್ರೆ ತೆಗೆದು ಡ್ರಾಯರಲ್ಲಿಡಿ. ನಾನು ರಾತ್ರಿಗೆ ನಲವತ್ತು ಸಲ ನೋಡ್ತಿದ್ದೆ, 98 ಇದ್ದಿದ್ದು 97 ಆದ್ರೆ ಬೆವರು ಕಿತ್ಕೊಂಡು ಬರೋದು. ಕೈ ತಣ್ಣಗಿದ್ರೂ ಅಲ್ಲಾಡಿಸಿದ್ರೂ ಅದು ಏನೇನೋ ತೋರ್ಸುತ್ತೆ, ಕೊನೆಗೆ ನಾನೇ ಬ್ಯಾಟರಿ ತೆಗೆದಿಟ್ಟೆ.

ಚೆನ್ನಾಗಿದ್ದಾಗ ಮಾಡ್ಬೇಕಾದ ಅಭ್ಯಾಸ

ಬೆಂಕಿ ಬಿದ್ಮೇಲೆ ಬಾವಿ ತೋಡಿದ್ರೆ ಆಗಲ್ಲ. ದಿನಕ್ಕೆ ಎರಡು ಸಲ ಐದೈದು ನಿಮಿಷ, ಮನಸ್ಸು ಸಮಾಧಾನವಾಗಿರೋವಾಗ, ಅಂಗಾತ ಮಲಗಿ ಒಂದು ಕೈ ಎದೆ ಮೇಲೆ ಒಂದು ಕೈ ಹೊಟ್ಟೆ ಮೇಲೆ ಇಟ್ಟು ಉಸಿರಾಡಿ. ಎದೆ ಮೇಲಿನ ಕೈ ಹೆಚ್ಚುಕಮ್ಮಿ ಸುಮ್ನಿರ್ಬೇಕು, ಹೊಟ್ಟೆ ಮೇಲಿನ ಕೈ ಏರಿ ಇಳೀಬೇಕು. ಎದೆಗೂ ಹೊಟ್ಟೆಗೂ ನಡುವೆ ವಪೆ ಅಂತ ಸ್ನಾಯು ಇದೆ, ಉಸಿರಾಟದ ದೊಡ್ಡ ಪಾಲು ಕೆಲಸ ಅದರದ್ದೇ, ಗಾಬರೀಲಿ ನಾವು ಅದನ್ನ ಬಿಟ್ಟು ಕುತ್ತಿಗೆ ಭುಜದ ಸ್ನಾಯು ಎಳೀತೀವಿ, ಮಾರನೇ ದಿನ ಎದೆ ನೋವು ಅಂತ ಮತ್ತೆ ಹೆದರ್ತೀವಿ. ಪದೇ ಪದೇ ಆಕಳಿಸೋದು ನಿಟ್ಟುಸಿರು ಬಿಡೋದು ಅಭ್ಯಾಸ ಆಗಿದ್ರೆ ಬಂದಾಗ ಒಂದ್ಸಲ ಎಂಜಲು ನುಂಗಿ ನೋಡಿ, ಹತ್ತರಲ್ಲಿ ನಾಲ್ಕು ತಪ್ಪಿಸಿದ್ರೂ ದೊಡ್ಡದು. ಪೂರ್ತಿ ನಿಲ್ಲಿಸ್ಬೇಕಿಲ್ಲ, ಆರೋಗ್ಯವಾಗಿರೋರೂ ಗಂಟೆಗೆ ಹಲವು ಸಲ ತಮಗೆ ಗೊತ್ತಿಲ್ದೇನೇ ನಿಟ್ಟುಸಿರು ಬಿಡ್ತಾರೆ, ಶ್ವಾಸಕೋಶಕ್ಕೆ ಅದು ಬೇಕು.

ಕಾಫಿ ಟೀ ಕಮ್ಮಿ ಮಾಡಿ, ಹೇಳೋಕೆ ಸುಲಭ ಅಂತ ಗೊತ್ತು.

ಡೋಸ್ ಜೊತೆ ಆಟ ಆಡ್ಬೇಡಿ

ಉಸಿರು ಕಟ್ಟಿದ ರಾತ್ರಿ ಕೈ ಎರಡು ಕಡೆ ಹೋಗುತ್ತೆ. ಒಂದು, ಈ ದರಿದ್ರ ಮಾತ್ರೆನೇ ಬೇಡ ಅಂತ ಪೂರ್ತಿ ನಿಲ್ಲಿಸಿಬಿಡೋದು. ದಯವಿಟ್ಟು ಬೇಡ, ತುಂಬ ದಿನ ತಗೊಂಡೋರು ದಿಢೀರ್ ನಿಲ್ಲಿಸಿದ್ರೆ ಫಿಟ್ಸ್ ಬರ್ಬಹುದು, ಬುದ್ಧಿ ಭ್ರಮಣೆ ಆಗ್ಬಹುದು, ಜೀವಕ್ಕೇ ಅಪಾಯ. ಇನ್ನೊಂದು, ಇವತ್ತೊಂದಿನ ಅಂತ ಎಕ್ಸ್ಟ್ರಾ ಮಾತ್ರೆ ನುಂಗೋದು. ಒಂದಿನ ಮೇಲೆ ಒಂದಿನ ಕೆಳಗೆ ಆದ್ರೆ ಮೆದುಳಿಗೆ ಯಾವುದಕ್ಕೆ ಹೊಂದ್ಕೋಬೇಕು ಅಂತಾನೇ ಗೊತ್ತಾಗಲ್ಲ.

ಬದಲಿಗೆ ಒಂದು ಪುಟ್ಟ ಪುಸ್ತಕದಲ್ಲಿ ದಿನಕ್ಕೊಂದು ಸಾಲು ಬರೀರಿ, ಮಾತ್ರೆ ಎಷ್ಟು ಗಂಟೆಗೆ ತಗೊಂಡ್ರಿ, ಉಸಿರಿನ ತೊಂದ್ರೆ ಎಷ್ಟೊತ್ತಿಗೆ ಬಂತು, ಎಷ್ಟೊತ್ತು ಇತ್ತು. ಎರಡು ವಾರದಲ್ಲಿ ಒಂದು ನಕ್ಷೆ ಕಾಣುತ್ತೆ. ಮುಂದಿನ ಮಾತ್ರೆ ಹೊತ್ತು ಹತ್ರ ಬಂದಾಗ್ಲೇ ಬರ್ತಿದ್ಯಾ? ಆಲ್ಪ್ರಜೋಲಮ್ ಥರದ್ದು ಸುಮಾರು 11 ಗಂಟೇಲಿ ರಕ್ತದಲ್ಲಿ ಅರ್ಧಕ್ಕೆ ಇಳಿಯುತ್ತೆ, ಡಯಾಜೆಪಾಮ್ ದಿನಗಟ್ಟಲೆ ಉಳಿಯುತ್ತೆ, ಅದಕ್ಕೇ ಕೆಲವು ಡಾಕ್ಟರು ಒಂದರಿಂದ ಇನ್ನೊಂದಕ್ಕೆ ಬದಲಾಯಿಸಿ ಆಮೇಲೆ ಇಳಿಸ್ತಾರೆ. ಪ್ರತಿ ಸಲ ಡೋಸ್ ಇಳಿಸಿದ ಕೆಲವು ದಿನಕ್ಕೇ ಬರ್ತಿದ್ಯಾ? ಹಂಗಾದ್ರೆ ಇಳಿಸೋ ವೇಗ ನಿಮಗೆ ಜಾಸ್ತಿ ಇರ್ಬಹುದು. 2025ರಲ್ಲಿ ಅಮೆರಿಕದ ವೈದ್ಯ ಸಂಘಗಳು ಸೇರಿ ಮಾಡಿದ ಮಾರ್ಗಸೂಚೀಲಿ ಮೊದಮೊದಲು 2ರಿಂದ 4 ವಾರಕ್ಕೆ ಶೇಕಡಾ 5ರಿಂದ 10ರಷ್ಟು ಇಳಿಸಿ ನೋಡಿ, ಸಾಮಾನ್ಯವಾಗಿ 2 ವಾರಕ್ಕೆ ಶೇಕಡಾ 25 ದಾಟಬೇಡಿ ಅಂತಿದೆ. ಆ ಪುಸ್ತಕ ತಗೊಂಡು ಹೋಗಿ ತೋರಿಸಿ, ಸ್ವಲ್ಪ ದಿನ ಇದೇ ಡೋಸಲ್ಲಿ ನಿಲ್ಲೋಣವಾ ಅಂತ ಕೇಳಿ. ನಿಂತ್ರೆ ಸೋತಂಗೆ ಏನಲ್ಲ.

ನಿಜವಾದ ಅಪಾಯ ಇಲ್ಲಿದೆ

ಇಷ್ಟೊತ್ತು ಹೇಳಿದ್ದು ಉಸಿರು ಜಾಸ್ತಿ ಆಗೋ ತೊಂದ್ರೆ. ಇದಕ್ಕೆ ಪೂರ್ತಿ ಉಲ್ಟಾ ಇನ್ನೊಂದಿದೆ, ಉಸಿರು ನಿಧಾನ ಆಗ್ತಾ ಆಗ್ತಾ ನಿಂತೇ ಹೋಗೋದು. ಈ ಮಾತ್ರೆ ಜೊತೆ ಮದ್ಯ ಸೇರಿದ್ರೆ, ಇಲ್ಲಾ ಟ್ರಮಡಾಲ್, ಮಾರ್ಫಿನ್ ಥರ ಓಪಿಯಾಯ್ಡ್ ನೋವಿನ ಮಾತ್ರೆ, ಕೊಡೀನ್ ಇರೋ ಕೆಮ್ಮಿನ ಸಿರಪ್ ಸೇರಿದ್ರೆ ಆಗೋದು ಇದು. ನಿದ್ದೆ ಬರ್ಲಿ ಅಂತ ಒಂದು ಪೆಗ್ ಹಾಕೋ ಯೋಚನೆ ಇದ್ರೆ ಇಲ್ಲೇ ಕೈಬಿಡಿ. ಎಬ್ಬಿಸಿದ್ರೂ ಏಳ್ತಿಲ್ಲ, ಗೊರಗೊರ ಅಂತಿದ್ದಾರೆ, ಉಸಿರು ತುಂಬ ನಿಧಾನ ಅಂತ ಕಂಡ್ರೆ ತಕ್ಷಣ ಆಂಬುಲೆನ್ಸ್.

ಎದೆ ನೋವು ತೋಳಿಗೋ ದವಡೆಗೋ ಹರಿದ್ರೆ, ತುಟಿ ನೀಲಿ ಆದ್ರೆ, ಎದೇಲಿ ಸುಯ್ ಸುಯ್ ಸದ್ದು ಬಂದ್ರೆ, ಒಂದೇ ಕಾಲು ಊದ್ಕೊಂಡು ಜೊತೆಗೆ ದಿಢೀರ್ ಉಸಿರುಗಟ್ಟಿದ್ರೆ, ಕೆಮ್ಮಲ್ಲಿ ರಕ್ತ ಬಂದ್ರೆ, ಪ್ರಜ್ಞೆ ತಪ್ಪಿದ್ರೆ, ಫಿಟ್ಸ್ ಬಂದ್ರೆ, ಇಲ್ದಿರೋದು ಕಾಣೋಕೆ ಶುರುವಾದ್ರೆ ಊದೋದು ಗುನುಗೋದು ಎಲ್ಲ ಪಕ್ಕಕ್ಕಿಟ್ಟು ಆಸ್ಪತ್ರೆಗೆ ಓಡಿ. ಬದುಕೇ ಬೇಡ ಅನ್ನೋ ಯೋಚನೆ ಬಂದ್ರೂ ಅಷ್ಟೇ, ಅದನ್ನ ಬೆಳಗ್ಗೆ ತನಕ ಒಬ್ರೇ ಇಟ್ಕೋಬೇಡಿ, ಆಗ್ಲೇ ಯಾರನ್ನಾದ್ರೂ ಎಬ್ಬಿಸಿ ಹೇಳಿ.

ಪಕ್ಕದಲ್ಲಿರೋರಿಗೆ

"ಏನೂ ಇಲ್ಲ ಸುಮ್ನಿರು" ಅನ್ನಬೇಡಿ, ಅವರಿಗೆ ಏನೋ ಆಗ್ತಾನೇ ಇದೆ. "ಡೀಪ್ ಬ್ರೆತ್ ತಗೋ" ಅಂತೂ ಬೇಡ್ವೇ ಬೇಡ ಅಂತ ಆಗ್ಲೇ ಹೇಳಿದೀನಿ. ಪಕ್ಕದಲ್ಲಿ ಕೂತು ನೀವೇ ಸದ್ದು ಬರೋ ಹಂಗೆ ಉದ್ದಕ್ಕೆ ಉಸಿರು ಬಿಡಿ, ಮಾತು ಬೇಡ, ಮತ್ತೆ ಬಿಡಿ. ನಮ್ಮ ಮನೇಲಿ ಇದನ್ನ ಶುರು ಮಾಡಿದ್ದು ನನ್ನ ತಂಗಿ, ಅವಳು ಬಿಡೋಳು, ನಾನು ಬಿಡೋನು, ಹತ್ತನೇ ಸಲದ ಹೊತ್ತಿಗೆ ಅವಳಿಗೇ ನಿದ್ದೆ ಬಂದಿರೋದು.