ವಿಚ್ಛೇದನದ ಅರ್ಜಿಗೆ ಮೊದಲು ಸಾಲದ ಪಟ್ಟಿ ಮಾಡಿ

ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಒಂದು ಕನ್ನಡ ಶಾಲೆಯಲ್ಲಿ ಟೀಚರ್. ಹನ್ನೊಂದು ವರ್ಷದ ಮದುವೆ ಮುಗಿದು ಈಗ ಮೂರು ವರ್ಷ. ಮೊನ್ನೆ ಗೆಳತಿಯ ತಂಗಿ ಮನೆಗೆ ಬಂದವಳು, "ಅಕ್ಕಾ, ನೀವು ಆಸ್ತಿ ಎಲ್ಲ ಹೇಗೆ ಪಾಲು ಮಾಡಿಕೊಂಡದ್ದು?" ಅಂತ ಕೇಳಿದಳು. "ಆಸ್ತಿ ಆಮೇಲೆ, ಮೊದಲು ಸಾಲ ಎಷ್ಟಿದೆ ಹೇಳು" ಅಂದೆ. ಅವಳಿಗೆ ಗೊತ್ತಿರಲಿಲ್ಲ. ನನಗೂ ಆಗ ಗೊತ್ತಿರಲಿಲ್ಲ.

ವಿಚ್ಛೇದನ ಆದರೆ ಅರ್ಧ ಆಸ್ತಿ ಸಿಗುತ್ತದೆ ಅಂತ ತುಂಬ ಜನ ನಂಬಿದ್ದಾರೆ. ನಮ್ಮಲ್ಲಿ ಅಂಥ ಕಾನೂನು ಇಲ್ಲ. ಆಧಾರ (ಜಾಗದ ನೋಂದಣಿ ಪತ್ರಕ್ಕೆ ನಮ್ಮ ಕಡೆ ಹೀಗೆ ಹೇಳುವುದು) ಯಾರ ಹೆಸರಿನಲ್ಲಿದೆಯೋ ಸಾಮಾನ್ಯವಾಗಿ ಜಾಗ ಅವರದ್ದು. ಗಂಡನ ತರವಾಡಿನ, ಅಂದರೆ ಹಿರಿಯರ ಮನೆಯ, ತೋಟದಲ್ಲಿ ನೀವು ಹತ್ತು ವರ್ಷ ಅಡಿಕೆ ಸುಲಿದಿದ್ದರೂ ಅದರಿಂದ ಪಾಲು ಹುಟ್ಟುವುದಿಲ್ಲ. ಮದುವೆ ಹೊತ್ತಿಗೆ ಇಬ್ಬರಿಗೂ ಸೇರಿ ಬಂದ ಉಡುಗೊರೆಗಳ ಬಗ್ಗೆ ಹಿಂದೂ ವಿವಾಹ ಕಾಯ್ದೆಯ 27ನೇ ಸೆಕ್ಷನ್ ಇದೆ, ಜೀವನಾಂಶಕ್ಕೆ 25ನೇ ಸೆಕ್ಷನ್ ಇದೆ. ಮುಸ್ಲಿಂ ಮತ್ತು ಕ್ರೈಸ್ತ ಗೆಳತಿಯರಿಗೆ ಕಾಯ್ದೆ ಬೇರೆ. ಆದರೆ ಸಾಲದ ಕಥೆ ಎಲ್ಲರಿಗೂ ಒಂದೇ.

ಒಂದು ಇನ್ನೂರು ಪುಟದ ನೋಟ್‌ಬುಕ್ ತೆಗೆದುಕೊಳ್ಳಿ. ಮದುವೆ ಆದಲ್ಲಿಂದ ನೀವು ಎಲ್ಲೆಲ್ಲಿ ಸಹಿ ಹಾಕಿದ್ದೀರಿ ಅಂತ ನೆನಪು ಮಾಡಿ ಬರೆಯಿರಿ. ನಿಮ್ಮ ಹೆಸರಿನ ಸಾಲಗಳನ್ನು ತೋರಿಸುವ ಸಿಬಿಲ್ ವರದಿ ವರ್ಷಕ್ಕೊಮ್ಮೆ ಉಚಿತವಾಗಿ ಸಿಗುತ್ತದೆ, ತೆಗೆಸಿ. ಆದರೆ ಅದರಲ್ಲಿ ಎಲ್ಲವೂ ಬರುತ್ತದೆ ಅಂತ ನಂಬಿ ಕೂರಬೇಡಿ. ಸಹಕಾರಿ ಸಂಘದ ಅಡವು, ಚಿಟ್ಟಿಗೆ (ಚಿಟ್ ಫಂಡಿಗೆ) ನಿಂತ ಜಾಮೀನು, ಕುಟುಂಬಶ್ರೀ ಎಂಬ ಹೆಂಗಸರ ಸ್ವಸಹಾಯ ಗುಂಪಿನ ಸಾಲದಲ್ಲಿ ನಿಮ್ಮ ಪಾಲು, ಇವನ್ನೆಲ್ಲ ನೀವೇ ಹೋಗಿ ಕೇಳಬೇಕು. ಕುಟುಂಬಶ್ರೀಯದ್ದು ಮುಖ್ಯ. ಹಣ ಗಂಡನ ಅಂಗಡಿಗೆ ಹೋಗಿರಬಹುದು, ಕಟ್ಟದಿದ್ದರೆ ವಾರದ ಸಭೆಯಲ್ಲಿ ಎಲ್ಲರೂ ನೋಡುವುದು ನಿಮ್ಮ ಮುಖವನ್ನೇ.

ನಾನು ಸಿಕ್ಕಿಬಿದ್ದದ್ದು ಚಿಟ್ಟಿಯಲ್ಲಿ. ಗಂಡ ಐದು ಲಕ್ಷದ ಚಿಟ್ಟಿ ಹರಾಜಿನಲ್ಲಿ ಕರೆದು ಹಣ ತೆಗೆದುಕೊಂಡಾಗ ಜಾಮೀನಿಗೆ ನನ್ನ ಸಂಬಳದ ಸರ್ಟಿಫಿಕೇಟ್ ಕೊಟ್ಟಿದ್ದೆ. ಸಹಿ ಹಾಕಲು ಎರಡು ನಿಮಿಷ ಹಿಡಿದಿರಬೇಕು. ಬೇರೆ ಆದ ಮೇಲೆ ಅವರು ಕಂತು ನಿಲ್ಲಿಸಿದರು. ಒಂದು ಮಧ್ಯಾಹ್ನ ಗಂಜಿಯೂಟ ಬಡಿಸುತ್ತಿದ್ದಾಗ ಹೆಡ್‌ಮಾಸ್ಟರು ಕರೆದು, ಏನೂ ಮಾತಾಡದೆ ಒಂದು ಕವರ್ ಕೈಗಿಟ್ಟರು. ನನ್ನ ಸಂಬಳದಿಂದ ಬಾಕಿ ಹಿಡಿಯುವ ನೋಟಿಸು. ಕೈಯಲ್ಲಿ ಇನ್ನೂ ಸೌಟು ಇತ್ತು.

ಆಗ ವಕೀಲರು ಹೇಳಿದ್ದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದಿಟ್ಟೆ: "ಟೀಚರೇ, ನೀವಿಬ್ಬರು ಏನು ಬೇಕಾದರೂ ಒಪ್ಪಂದ ಮಾಡಿಕೊಳ್ಳಿ. ಸಾಲ ಕೊಟ್ಟವರು ಅದಕ್ಕೆ ಸಹಿ ಹಾಕಿಲ್ಲವಲ್ಲ." 'ಚಿಟ್ಟಿ ಗಂಡನೇ ಕಟ್ಟುತ್ತಾನೆ' ಅಂತ ಕೋರ್ಟಿನ ಆದೇಶದಲ್ಲಿ ಬರೆದರೂ, ಅವರು ಕಟ್ಟದಿದ್ದರೆ ಜಾಮೀನುದಾರಳಾದ ನನ್ನನ್ನು ಹಿಡಿಯಬಹುದು. ಕಟ್ಟಿದ್ದನ್ನು ನಾನು ಅವರಿಂದ ವಸೂಲಿ ಮಾಡಬಹುದು, ನಿಜ. ಆದರೆ ಅದಕ್ಕೆ ಇನ್ನೊಂದು ಕೇಸು, ಇನ್ನೊಂದು ಅಲೆದಾಟ. ಹಾಗಾಗಿ ಸಾಲ ತೀರಿಸಿ, ಇಲ್ಲವೇ ಜಾಮೀನಿಗೆ ಬೇರೆಯವರನ್ನು ನಿಲ್ಲಿಸಿ, 'ಇವರನ್ನು ಬಿಡುಗಡೆ ಮಾಡಿದ್ದೇವೆ' ಅಂತ ಸಾಲ ಕೊಟ್ಟವರಿಂದಲೇ ಪತ್ರ ತರಿಸಿ. ಮನೆ ಸಾಲ ಇಬ್ಬರ ಹೆಸರಿನಲ್ಲಿದ್ದರೂ ಹೀಗೇ. ಒಂದೋ ಮನೆ ಮಾರಿ ಸಾಲ ಮುಗಿಸಿ, ಅಥವಾ ಮನೆ ಇಟ್ಟುಕೊಳ್ಳುವವರು ತಮ್ಮೊಬ್ಬರ ಹೆಸರಿಗೇ ಹೊಸ ಸಾಲ ತೆಗೆದು ಹಳೆಯದನ್ನು ತೀರಿಸಲಿ.

ಸಾಲ ಹುಡುಕುತ್ತಾ ಹೋದವಳಿಗೆ ನನ್ನ ಚಿನ್ನವೂ ಸಿಕ್ಕಿತು. ತವರಿನಿಂದ 28 ಪವನು ಹಾಕಿದ್ದರು. "ಅಷ್ಟೆಲ್ಲ ಎಲ್ಲಿತ್ತು?" ಅಂತ ಗಂಡನ ಮನೆಯವರ ವಾದ. ಬೀರುವಿನ ಹಳೆಯ ಫೈಲಿನಲ್ಲಿ ಸಹಕಾರಿ ಬ್ಯಾಂಕಿನ ಅಡವಿನ ಚೀಟಿ ಇತ್ತು, ಗಂಡನದೇ ಹೆಸರಿನಲ್ಲಿ. ಸಾಲುಸಾಲಾಗಿ ಬರೆದಿದ್ದರು: ಕರಿಮಣಿ ಸರ 32 ಗ್ರಾಂ, ಬಳೆ ನಾಲ್ಕು 48 ಗ್ರಾಂ, ಮುತ್ತಿನ ಮಾಲೆ 40 ಗ್ರಾಂ. ಎಂಟು ಗ್ರಾಂಗೆ ಒಂದು ಪವನು ಅಂತ ಕೂಡಿಸಿದರೆ ಅಲ್ಲಿಗೇ 15 ಪವನು. ಅದೇ ಮಾಲೆ ಮದುವೆ ಆಲ್ಬಮ್ಮಿನಲ್ಲಿ ನನ್ನ ಕೊರಳಲ್ಲಿತ್ತು. ಚಿನ್ನದಂಗಡಿ ಬಿಲ್ಲು ಅಪ್ಪನ ಹತ್ತಿರ ಇತ್ತು. ಚೀಟಿ, ಫೋಟೊ, ಬಿಲ್ಲು ಮೂರನ್ನೂ ಒಟ್ಟಿಗೆ ಇಟ್ಟ ಮೇಲೆ ವಾದ ಕಡಿಮೆಯಾಯಿತು.

ಹೀಗೆ ಹೆಣ್ಣಿಗೆ ಹಾಕಿದ ಚಿನ್ನ ಸ್ತ್ರೀಧನ. ಅದು ಹೆಂಡತಿಯದ್ದೇ, ಅದರಲ್ಲಿ ಪಾಲು ಮಾಡುವ ಮಾತೇ ಇಲ್ಲ. ಕಷ್ಟಕಾಲಕ್ಕೆ ಗಂಡ ಬಳಸಿದ್ದರೂ ಹಿಂದೆ ಕೊಡಬೇಕು. 2024ರಲ್ಲಿ ಸುಪ್ರೀಂ ಕೋರ್ಟು ಕೇರಳದ್ದೇ ಒಂದು ಕೇಸಿನಲ್ಲಿ, 89 ಪವನಿನ ಬದಲಿಗೆ 25 ಲಕ್ಷ ರೂಪಾಯಿ ಕೊಡಿ ಅಂತ ಗಂಡನಿಗೆ ಹೇಳಿತು. ಹಾಗಂತ ವಿಚ್ಛೇದನ ಆದ ಮೇಲೆ 'ಕೇಳಿದರಾಯಿತು' ಅಂತ ವರ್ಷಗಟ್ಟಲೆ ಸುಮ್ನೆ ಕೂರಬೇಡಿ, ಅವಧಿ ಮೀರುತ್ತದೆ.

ಇನ್ನು ಜಾಗ. ನಮ್ಮಿಬ್ಬರ ಹೆಸರಿನಲ್ಲಿ 15 ಸೆಂಟ್ಸ್ ಇತ್ತು. ಚಿನ್ನದ ಲೆಕ್ಕಕ್ಕೆ ಅವರ ಪಾಲನ್ನು ನನಗೆ ಬಿಡುವುದು ಅಂತ ಆಯಿತು. ಆಧಾರ ಬರೆಯುವ ಮಾಸ್ಟ್ರು ಕೇಳಿದ ಮೊದಲ ಪ್ರಶ್ನೆಯೇ "ಕೋರ್ಟಿನ ಆದೇಶ ಬಂತಾ?" ಅಂತ. ಬಂದಿಲ್ಲ ಅಂದದ್ದಕ್ಕೆ ಖುಷಿಪಟ್ಟರು! ಗಂಡ ಹೆಂಡತಿ ಆಗಿರುವಾಗ ಬರೆದರೆ ಅದು ಕುಟುಂಬದೊಳಗಿನ ಆಧಾರ, ಮುದ್ರಾ ಶುಲ್ಕ ತೀರಾ ಕಡಿಮೆ. ಆಮೇಲೆ ಕ್ರಯದ ಆಧಾರ ಮಾಡುವುದಾದರೆ ಕೇರಳದಲ್ಲಿ 8 ಶೇಕಡ ಮುದ್ರಾ ಶುಲ್ಕ, 2 ಶೇಕಡ ನೋಂದಣಿ ಶುಲ್ಕ. ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ ಎರಡು ಸಲ ಕೋರ್ಟಿನ ಮುಂದೆ ಹೋಗಬೇಕಲ್ಲ, ಆ ಎರಡನೇ ಸಲಕ್ಕೆ ಮೊದಲೇ ನೋಂದಣಿ ಮುಗಿಸಿಬಿಡಿ. ಅದಾದ ಮೇಲೆ ವಿಲೇಜ್ ಆಫೀಸಿನಲ್ಲಿ ಪೋಕುವರವು (ಖಾತೆ ಬದಲಾವಣೆ) ಮಾಡಿಸಿ, ತೀರ್ವೆ (ಜಾಗದ ತೆರಿಗೆ) ರಶೀದಿ ನಿಮ್ಮೊಬ್ಬರ ಹೆಸರಿಗೆ ಬರುವವರೆಗೆ ಬಿಡಬೇಡಿ.

ವಿಚ್ಛೇದನದ ಕರಾರು ಓದದೆ ಸಹಿ ಹಾಕಲೇಬೇಡಿ. ನಮ್ಮದು ಮಲಯಾಳಂನಲ್ಲಿತ್ತು. ನನಗೆ ಮಾತಾಡಲು ಬರುತ್ತದೆ, ಓದುವುದು ನಿಧಾನ. 'ಎಲ್ಲ ಬಾಧ್ಯತೆಗಳು ಎರಡನೇ ಅರ್ಜಿದಾರರಿಗೆ' ಅಂತ ಒಂದು ಸಾಲು. ಎರಡನೇ ಅರ್ಜಿದಾರಳು ನಾನು. ನಮ್ಮ ಕನ್ನಡದಲ್ಲಿ ಬಾಧ್ಯಸ್ಥ ಅಂದರೆ ಹಕ್ಕುದಾರ ಅಲ್ವಾ? ಒಳ್ಳೆಯದೇ ಆಯಿತು ಅಂದುಕೊಂಡೆ. ಮಲಯಾಳಂನಲ್ಲಿ ಬಾಧ್ಯತೆ ಅಂದರೆ ಸಾಲ, ಹೊಣೆ! ಪಕ್ಕದಲ್ಲಿದ್ದ ಸೋದರಮಾವ ಕೈ ಹಿಡಿದು ನಿಲ್ಲಿಸದಿದ್ದರೆ ಊರಿನ ಸಾಲವೆಲ್ಲ ನನ್ನ ತಲೆಗೆ. ಪ್ರತಿ ಸಾಲನ್ನೂ ಕನ್ನಡದಲ್ಲಿ ಹೇಳಿಸಿಕೊಳ್ಳಿ, ಯಾರು ಎಷ್ಟೇ ಅವಸರ ಮಾಡಲಿ. 'ಎಲ್ಲ ಸಾಲ' ಅನ್ನುವ ಮಾತು ಬೇಡ. ಸಾಲದ ನಂಬರು, ಮೊತ್ತ, ತೀರಿಸುವ ತಾರೀಕು ಬರೆಸಿ. ವಕೀಲರಿಗೆ ಹಣ ಇಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಹೆಂಗಸರಿಗೆ ಆದಾಯ ಎಷ್ಟಿದ್ದರೂ ನೆರವು ಉಚಿತ. 15100ಕ್ಕೆ ಫೋನ್ ಕೂಡ ಮಾಡಬಹುದು.

ಕೊನೆಗೆ ನಾಮಿನಿ ಹೆಸರುಗಳು: ಪಿ.ಎಫ್., ವಿಮೆ, ಬ್ಯಾಂಕು. ನನ್ನ ಎಲ್‌ಐಸಿ ಪಾಲಿಸಿಯಲ್ಲಿ ಆದೇಶ ಬಂದು ಒಂದು ವರ್ಷ ಆದ ಮೇಲೂ ಅವರ ಹೆಸರೇ ಇತ್ತು. ಬದಲಾಯಿಸಲು ಬೇಕಾದದ್ದು ಒಂದು ಫಾರಂ, ಮತ್ತೆ ನನ್ನದೊಂದು ಸಹಿ.